ಬಲಗಾಲಿಗೆ ಬಾರದ ಭಾರ

ನಮ್ಮ ಊರಿನ ದೊಡ್ಡ ಸೇತುವೆಗೆ ಬಸ್ಸು ಹತ್ತಿಸುವ ಮೊದಲು ಚಾಲಕರು ಒಂದು ಉದ್ದನೆಯ ಹಾರ್ನ್ ಹೊಡೆಯುತ್ತಾರೆ. ಅದು ಎದುರಿನಿಂದ ಬರುವ ಗಾಡಿಗಲ್ಲ, ಕಾಲುವೆಯ ಆಚೆಯ ಓಣಿಯಲ್ಲಿರುವ ನಿವೃತ್ತ ಎಂಜಿನಿಯರ್ ಗುರುಪಾದಪ್ಪನವರಿಗೆ. ಹಾರ್ನ್ ಕಿವಿಗೆ ಬಿದ್ದ ಕೂಡಲೇ ಅವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕುಳಿತುಕೊಳ್ಳುತ್ತಾರೆ. ಬಸ್ಸು ದಾಟಿದ ಮೇಲೆ ಏಳುತ್ತಾರೆ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿರುವಾಗ ಹಾರ್ನ್ ಕೇಳಿಸಿದರೆ ಮಾರುವ ಹೆಂಗಸೇ ತನ್ನ ಖಾಲಿ ಬುಟ್ಟಿಯನ್ನು ಬೋರಲು ಹಾಕಿ "ಕುಂದರ್ರಿ ಸಾಹೇಬ್ರ, ಬಸ್ ಹೋಗ್ಲಿ" ಎನ್ನುತ್ತಾಳೆ. ಕಬ್ಬಿನ ಲಾರಿಗಳು ಓಡಾಡುವ ಕಾಲದಲ್ಲಿ ಅವರು ಮನೆ ಬಿಟ್ಟು ಹೊರಡುವುದೇ ಕಡಿಮೆ. ಕಲ್ಯಾಣ ಮಂಟಪದ ಮಾಳಿಗೆಯ ಲೆಕ್ಕ ಹಾಕಿದವರಿಗೆ ಜ್ವರ ಬಂದಿದೆ ಎಂದು ಗೊತ್ತಾದರೆ ಬ್ಯಾಂಡಿನವರು ಮೇಲೆ ಹತ್ತದೆ ಅಂಗಳದಲ್ಲೇ ಬಾರಿಸುತ್ತಾರೆ. ಮದುಮಗನ ಕಡೆಯವರು ಕುಣಿಯುವುದೂ ಅಂಗಳದಲ್ಲೇ.

ಕಟ್ಟಿದ್ದರ ಭಾರದಲ್ಲಿ ಒಂದು ಕಿಂಚಿತ್ತು ಲೆಕ್ಕ ಹಾಕಿದವರ ಮೈಮೇಲೆ ಬರುತ್ತದೆ. ತೊಲೆಯ ಲೆಕ್ಕ ಬೆನ್ನಿಗೆ, ಪಾಯದ ಲೆಕ್ಕ ಪಾದಕ್ಕೆ, ಎತ್ತರದ ನೀರಿನ ಟಾಕಿಯ ಲೆಕ್ಕ ಕುತ್ತಿಗೆಗೆ. ಹೊತ್ತವರು ತೀರಿಕೊಂಡರೆ ಮತ್ತೊಬ್ಬರು ಮೊದಲಿನಿಂದ ಲೆಕ್ಕ ಹಾಕಬೇಕು. ಲೆಕ್ಕ ಕೂಡಿತೆಂದರೆ ಭಾರ ಅವರಿಗೆ ದಾಟುತ್ತದೆ. ಅಲ್ಲಿಯತನಕ ಆ ಕಟ್ಟಡಕ್ಕೆ ಮುಳ್ಳಿನ ಕಂಟಿ ಅಡ್ಡ ಇಡುತ್ತಾರೆ, ಯಾರೂ ಒಳಗೆ ಕಾಲಿಡುವುದಿಲ್ಲ. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರೆ. ನಾವು ಅವರ ಊರಿನ ಸೇತುವೆ ಹತ್ತುವಾಗ ಹೆದರುತ್ತೇವೆ.

ನಾನು ಈ ಊರಿನ ಪತ್ರಿಕೆಯ ವರದಿಗಾರ. ಕಾಲುವೆಯ ಮೇಲಿನ ಕಾಲುಸೇತುವೆಯ ಸುದ್ದಿಯನ್ನು ಮೊದಲ ದಿನದಿಂದ ಬರೆದವನು ನಾನೇ. ಆದರೆ ಸುದ್ದಿಯಲ್ಲಿ ಹಿಡಿಸುವಷ್ಟನ್ನು ಮಾತ್ರ ಆಗ ಬರೆದಿದ್ದೆ. ಕಣ್ಣಾರೆ ಕಾಣದ್ದನ್ನು ಆ ಸೇತುವೆ ಮಾಡಿದ ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಿಕೊಂಡಿದ್ದೇನೆ. ಇಬ್ಬರೂ ಇದ್ದ ಕಡೆಯದನ್ನು ಇಬ್ಬರ ಮಾತೂ ಒಂದಾದರೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದವರು ಇಬ್ಬಿಬ್ಬರು ಸೇರಿ ಊರಿಗೆ ಬೇಕಾದ ಒಂದು ಸಣ್ಣ ಕೆಲಸ ಮಾಡಿಕೊಡಬೇಕು. ಬಸ್ ನಿಲ್ದಾಣದ ನೆರಳು, ದನದ ಕೊಟ್ಟಿಗೆ, ಓಣಿಯ ಮೋರಿ, ಹೀಗೆ ಏನಾದರೊಂದು. ನಗರಸಭೆ ಕಟ್ಟಿಸುತ್ತದೆ, ಹುಡುಗರು ಹೊರುತ್ತಾರೆ. ಕಾಲೇಜಿಗೆ ಸೇರಿದ ದಿನವೇ ಅಲ್ಲಿನ ನಿಯಮಗಳನ್ನು ಗಟ್ಟಿಯಾಗಿ ಓದಿಸುತ್ತಾರೆ. ಅದರಲ್ಲಿ ಮೊದಲನೆಯದು, ತನ್ನದಲ್ಲದ ಲೆಕ್ಕಕ್ಕೆ ತನ್ನ ಹೆಸರು ಹಾಕಬಾರದು ಎಂಬುದು. ಹೆಸರು ಹಾಕಿದವನಿಗೆ ಅಂಕ ಸಿಗಬಹುದು, ಭಾರ ಮಾತ್ರ ನಿಜವಾಗಿ ಲೆಕ್ಕ ಹಾಕಿದವರ ಮೇಲೆಯೇ ಕೂರುತ್ತದೆ. ಇದನ್ನು ಮನವರಿಕೆ ಮಾಡಲು ಮೊದಲ ವರ್ಷದಲ್ಲಿ ಪ್ರತಿಯೊಬ್ಬರಿಂದ ಒಂದು ಮುಕ್ಕಾಲಿ ಮಾಡಿಸುತ್ತಾರೆ. ಗೆಳೆಯನ ಲೆಕ್ಕ ನೋಡಿ ಬರೆದವನ ಮುಕ್ಕಾಲಿಯ ಮೇಲೆ ಕಾಲೇಜಿನ ದಪ್ಪನೆಯ ಜವಾನ ಕುಳಿತ ಕೂಡಲೇ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತಿದ್ದ ಗೆಳೆಯ "ಅಯ್ಯಯ್ಯೋ ಸಿದ್ದಪ್ಪ ಕುಂತಾ" ಎಂದು ಸೊಂಟ ಹಿಡಿದುಕೊಳ್ಳುತ್ತಾನೆ. ಎಲ್ಲರೂ ನಗುತ್ತಾರೆ. ಆಮೇಲೆ ನೋಡಿ ಬರೆಯುವುದು ತಾನಾಗಿಯೇ ಕಡಿಮೆಯಾಗುತ್ತದೆ.

ಅಲ್ಲಿ ಕಟ್ಟಡಶಾಸ್ತ್ರ ಕಲಿಸುವವರು ಶಕುಂತಲಾ ಇಟಗಿ. ಊರಿಗೆಲ್ಲ ನೀರು ಕೊಡುವ ಎತ್ತರದ ಟಾಕಿಯನ್ನು ಹೊತ್ತವರೂ ಅವರೇ. ಬೆಳಿಗ್ಗೆ ಟಾಕಿ ತುಂಬಿರುವಾಗ ಅವರ ಕುತ್ತಿಗೆ ಹೆಗಲಿನೊಳಗೆ ಇಳಿದಂತಿರುತ್ತದೆ, ಮಾತು ಮೊಟಕಾಗಿರುತ್ತದೆ. ಊರು ಮಿಂದು, ಬಟ್ಟೆ ಒಗೆದು, ಪಾತ್ರೆ ತೊಳೆದು ಮುಗಿಸುವ ಹೊತ್ತಿಗೆ ಅವರ ತಲೆ ಮೇಲೇಳುತ್ತದೆ. ಹಾಜರಾತಿ ಕಡಿಮೆಯಾದವರು, ಗಡುವು ಮುಂದೂಡಿಸಬೇಕಾದವರು ಮಧ್ಯಾಹ್ನದ ಊಟದ ಮೇಲೆಯೇ ಅವರ ಕೋಣೆಗೆ ಹೋಗುವುದು ರೂಢಿ.

ಕಾಲುಸೇತುವೆಯ ಕೆಲಸ ವಿಮಲಾಕ್ಷಿ ಪತ್ತಾರ ಮತ್ತು ಮೈಲಾರಿ ಎಂಬ ಇಬ್ಬರ ಪಾಲಿಗೆ ಬಂತು. ಕಾಲುವೆಯ ಪಡುವಣ ದಂಡೆಯಲ್ಲಿ ನೇಕಾರರ ಓಣಿ, ಮೂಡಣ ದಂಡೆಯಲ್ಲಿ ಹೆಣ್ಣುಮಕ್ಕಳ ಶಾಲೆ. ಓಣಿಯ ಹುಡುಗಿಯರು ಶಾಲೆಗೆ ಹೋಗಲು ದೊಡ್ಡ ಸೇತುವೆಯನ್ನು ಸುತ್ತಿ ಬರಬೇಕಾಗಿತ್ತು. ವಿಮಲಾಕ್ಷಿ ಅಕ್ಕಸಾಲಿಗರ ಮನೆಯವಳು, ಗುಂಜಿ ತೂಕದ ಹೆಚ್ಚುಕಡಿಮೆಗೆ ಇಡೀ ದಿನ ವಾದ ನಡೆಯುವ ಮನೆ ಅದು. ಮೈಲಾರಿ ಕುರಿ ಸಾಕುವವರ ಮಗ, ಹರವಾದ ಬೆನ್ನಿನವನು. "ತೊಲಿ ನಂಗಿರ್ಲಿ, ಬೆನ್ನ ಐತಿ. ಪಾಯಾ ನಿಂಗ" ಎಂದು ಅವನೇ ಕೆಲಸ ಹಂಚಿದ.

ಪಡುವಣ ದಂಡೆಯಲ್ಲಿ ಬಂಡೆ. ಅಲ್ಲಿನ ಪಾಯದ ಲೆಕ್ಕವನ್ನು ವಿಮಲಾಕ್ಷಿ ಸರಿಯಾಗಿಯೇ ಹಾಕಿದಳು. ಮೂಡಣದಲ್ಲಿ ಮಣ್ಣು. ಮಣ್ಣೆಂದ ಮೇಲೆ ಗುಂಡಿ ತೋಡಿ, ಆಳದಲ್ಲಿ ಏನಿದೆ ಎಂದು ನೋಡಬೇಕು. ಗುಂಡಿ ತೋಡಬೇಕಾದ ಜಾಗದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ ಸೇವಂತಿಗೆ ಹಾಕಿಸಿದ್ದರು. ವಾರ್ಷಿಕೋತ್ಸವ ಮುಗಿಯುವ ತನಕ ಒಂದು ಗಿಡವನ್ನೂ ಮುಟ್ಟಕೂಡದು ಎಂದರು. ಲೆಕ್ಕ ಒಪ್ಪಿಸುವ ಗಡುವು ಅದಕ್ಕಿಂತ ಮೊದಲೇ ಇತ್ತು. ಮೇಲಿನ ಮಣ್ಣು ಕೆಂಪಗೆ, ಕಾಲಿಗೆ ಗಟ್ಟಿಯಾಗಿ ಹತ್ತುತ್ತಿತ್ತು, ಥೇಟ್ ಮಸಾರಿ. ಇಟಗಿ ಮೇಡಂ ಪಾಠದಲ್ಲಿ ಮಸಾರಿ ನೆಲದ ಪಾಯವನ್ನೇ ಉದಾಹರಣೆಯಾಗಿ ಹಲಗೆಯ ಮೇಲೆ ಪೂರ್ತಿ ಬಿಡಿಸಿ ತೋರಿಸಿದ್ದರು. ಅಗಲವೂ ಹೆಚ್ಚುಕಡಿಮೆ ಅಷ್ಟೇ. ವಿಮಲಾಕ್ಷಿ ಅದನ್ನು ಚುಕ್ಕೆ ಬಿಡದೆ ಇಳಿಸಿಕೊಂಡು ಕೆಳಗೆ ಸಹಿ ಹಾಕಿದಳು. ಗೆಳತಿಯದನ್ನು ಕದ್ದದ್ದಲ್ಲವಲ್ಲ, ಪಾಠದ್ದು, ಎಲ್ಲರದ್ದು ಎಂದು ಆಗ ಅನ್ನಿಸಿತ್ತೆಂದು ಅವಳು ನನಗೆ ಹೇಳಿದಳು.

ವಾರ್ಷಿಕೋತ್ಸವ ಮುಗಿದ ಮೇಲೆ ನಗರಸಭೆಯವರು ಸೇತುವೆ ಕಟ್ಟಿ ಮುಗಿಸಿದರು. ಪರೀಕ್ಷೆಯ ದಿನ ಇಬ್ಬರನ್ನೂ ಕಾಲೇಜಿನ ಸಭಾಂಗಣದಲ್ಲಿ ನಿಲ್ಲಿಸಿ, ಊರಿನ ಇನ್ನೊಂದು ತುದಿಯಲ್ಲಿ ಸೇತುವೆಯ ಮೇಲೆ ಮರಳಿನ ಚೀಲ ಹೇರಿದರು. ಪರೀಕ್ಷಕರು ಹೊರಗಿನಿಂದ ಬಂದವರು. "ಬಂತೇ?" ಎಂದು ಕೇಳುತ್ತಾ ಹೋದರು. ಮೈಲಾರಿ ಪ್ರತಿ ಚೀಲಕ್ಕೂ ಬೆನ್ನು ಬಾಗಿಸಿ "ಬಂತ್ರಿ" ಎಂದ. ವಿಮಲಾಕ್ಷಿಗೂ ಬಂತು. ಚೀಲ ಸೇತುವೆಯ ಎಲ್ಲೇ ಕೂತರೂ ಅದರ ಒಂದಿಷ್ಟು ಭಾರ ಪಡುವಣ ತುದಿಗೆ ಇಳಿಯಲೇಬೇಕು, ಅದು ಅವಳ ಎಡಗಾಲಿಗೆ ಬಂತು. ಅವಳೂ "ಬಂತ್ರಿ" ಎಂದಳು. ಯಾವ ಕಾಲಿಗೆ ಎಂದು ಯಾರೂ ಕೇಳಲಿಲ್ಲ. ಮೂಡಣದ ಪಾಲು ಬರಬೇಕಾದ ಬಲಗಾಲು ಹಗುರವಾಗಿಯೇ ಇದೆಯಲ್ಲ ಎಂದು ಒಂದು ಸಲ ಅನ್ನಿಸಿತು. ಮೊದಲ ಸಲ ಹೊರುತ್ತಿರುವುದು, ಹೀಗೇ ಇರಬೇಕು ಎಂದುಕೊಂಡಳು. ಇಬ್ಬರೂ ಪಾಸಾದರು. ನೀರಾವರಿ ಇಲಾಖೆಯ ಕೆಲಸಕ್ಕೆ ಇಬ್ಬರ ಹೆಸರೂ ಹೋಯಿತು. ಇನ್ನು ಘಟಿಕೋತ್ಸವದಲ್ಲಿ ಪದವಿಪತ್ರ ಕೈಗೆ ಬರುವುದೊಂದೇ ಬಾಕಿ.

ಸೇತುವೆಯ ಉದ್ಘಾಟನೆಯಾಗಿ ಶಾಲೆಯ ಹುಡುಗಿಯರು ಓಡಾಡತೊಡಗಿದ ಮೇಲೆ ಊರಿನಲ್ಲಿ ಇನ್ನೊಂದು ಸುದ್ದಿ ಹಬ್ಬಿತು. ಇಟಗಿ ಮೇಡಂ ಕುಂಟುತ್ತಿದ್ದಾರೆ, ಟಾಕಿಯ ಭಾರ ಅವರಿಗೆ ಮೀರುತ್ತಿದೆಯಂತೆ. ಮೇಡಂ ಸ್ವತಃ ನಗರಸಭೆಗೆ ಹೋಗಿ, ಟಾಕಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಂದಿದ್ದರು. ಅಷ್ಟು ದೊಡ್ಡ ಟಾಕಿಯನ್ನು ಹೊಸದಾಗಿ ಲೆಕ್ಕ ಹಾಕಿ ಹೊರಲು ಯಾರೂ ಮುಂದೆ ಬರಲಿಲ್ಲ. ಬರದಿದ್ದರೆ ಟಾಕಿ ಬರಿದು ಮಾಡಿ ಕಂಟಿ ಇಡುವುದೇ ದಾರಿ. ನಳದ ಕೆಳಗೆ ಕೊಡ ಸಾಲು ಹಚ್ಚುವ ಹೆಂಗಸರು ಈಗಲೇ ಹಳೆಯ ಬಾವಿಗಳ ಮಾತಾಡತೊಡಗಿದ್ದರು.

ಒಂದು ಸಂಜೆ ವಿಮಲಾಕ್ಷಿ ಕಾಲೇಜಿನ ಮೆಟ್ಟಿಲ ಬಳಿ ನಿಂತಿದ್ದಳು. ಮೇಡಂ ಮೇಲಿನಿಂದ ಇಳಿದು ಬರುತ್ತಿದ್ದರು. ಕಾಲುವೆಯ ಕಡೆಯಿಂದ ಶಾಲೆ ಬಿಟ್ಟ ಗಂಟೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೇಡಂ ಕಂಬಿ ಹಿಡಿದು ನಿಂತುಬಿಟ್ಟರು. ಬಲಗಾಲನ್ನು ಊರಲಾಗದೆ ಮೇಲಕ್ಕೆತ್ತಿ, ಹಲ್ಲು ಕಚ್ಚಿದರು. ಆಮೇಲೆ ಅವರ ಮುಖ ಸಡಿಲವಾಯಿತು, ಕಾಲು ನಿಧಾನವಾಗಿ ಮೆಟ್ಟಿಲಿಗೆ ಇಳಿಯಿತು. ಅದೇ ಗಳಿಗೆಯಲ್ಲಿ ವಿಮಲಾಕ್ಷಿಯ ಎಡಗಾಲು ಭಾರವಾಗುತ್ತ ಬಂತು. ಹುಡುಗಿಯರು ಮೇಡಂ ಅವರ ಪಾದದಿಂದ ಹೊರಟು, ಸೇತುವೆಯ ಉದ್ದಕ್ಕೂ ನಡೆದು, ತನ್ನ ಪಾದಕ್ಕೆ ಬಂದು ಇಳಿಯುತ್ತಿದ್ದಾರೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಅವಳು ಮೊದಲು ಹೇಳಿದ್ದು ಮೈಲಾರಿಗೆ. ಕಾಲುವೆಯ ದಂಡೆಯ ಚಹಾದಂಗಡಿಯಲ್ಲಿ ಅವನು ಬಗ್ಗಿ ಕುಳಿತು ಚಹಾ ಕುಡಿಯುತ್ತಿದ್ದ. ಸೇತುವೆಯ ಮೇಲೆ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು.

"ಮೇಡಂ ಅವರ ಉದಾಹರಣಿ ಹಂಗಂಗೇ ಇಳಿಸೀಯೇನು?" ಎಂದ. "ಏನ್ ಹುಡುಗಿಯವ್ವಾ ನೀನು. ಮುಕ್ಕಾಲಿ ಮಾಡಿ ಕಲತದ್ದೆಲ್ಲಾ ಮುಕ್ಕಾಲಿಗೇ ಬಿಟ್ಟಿ?"

"ಬೈತೀಯಾ? ಬೈ. ಆದ್ರ ಈಗ ಏನ್ ಮಾಡೂದು ಹೇಳು."

"ಮಾಡೂದೇನು, ಮನ್ಯಾಗ ಕುಂತು ಹೊಸದಾಗಿ ಲೆಕ್ಕಾ ಹಾಕು. ಕೂಡಿದ್ರ ಭಾರಾ ನಿಂಗ ಬರ್ತೈತಿ. ಮೇಡಂ ಕಾಲು ನೆಟ್ಟಗಾಗತೈತಿ. ಯಾರಿಗೂ ತಿಳಿಯೂದಿಲ್ಲ."

ಅವಳಿಗೂ ಅದೇ ಸರಿ ಅನ್ನಿಸಿತು. ಪಾಯದ ಪಕ್ಕ ಉಳಿದಿದ್ದ ಸೇವಂತಿಗೆಯೂ ಬಾಡಿತ್ತು. ಭಾನುವಾರ ಶಾಲೆಗೆ ರಜೆ. ಇಬ್ಬರೂ ಸಲಿಕೆ, ಹಾರೆ ಹಿಡಿದು ಮೂಡಣ ದಂಡೆಯಲ್ಲಿ ಗುಂಡಿ ತೋಡಿದರು. ಮೊಣಕಾಲುದ್ದ ಇಳಿಯುವ ತನಕ ಕೆಂಪು ಮಸಾರಿ, ಪಾಯಕ್ಕೆಂದು ನಗರಸಭೆಯವರು ತೋಡಿದ್ದೂ ಅಷ್ಟೇ ಆಳ. ಅದರ ಕೆಳಗೆ ಹಾರೆಗೆ ಮೆತ್ತಗೆ ಹತ್ತಿದ್ದು ಕಪ್ಪು ಎರೆಮಣ್ಣು. ಹಿಂದೆ ಯಾವಾಗಲೋ ಶಾಲೆಯ ಅಂಗಳ ಏರಿಸಲು ಮಸಾರಿ ತಂದು ಮೇಲೆ ಹರವಿದ್ದರು. ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಅದರ ಮೇಲೆ ಕೂತ ಪಾಯವನ್ನು ಎತ್ತಿ ಒಗೆಯುತ್ತದೆ. ವಿಮಲಾಕ್ಷಿ ಗುಂಡಿಯ ದಂಡೆಯಲ್ಲೇ ಕುಳಿತು, ಕಟ್ಟಿದ ಪಾಯ ಎರೆಯ ಮೇಲೆ ನಿಲ್ಲುತ್ತದೆಯೇ ಎಂದು ಲೆಕ್ಕ ಹಾಕಿದಳು. ಕೂಡಲಿಲ್ಲ. ಮತ್ತೆ ಹಾಕಿದಳು. ಕೂಡಲಿಲ್ಲ. ಬಲಗಾಲು ಹಗುರವಾಗಿಯೇ ಉಳಿಯಿತು.

"ಮಳಿ ಬರಾಕ ಇನ್ನೂ ದಿನಾ ಐತಿ," ಎಂದ ಮೈಲಾರಿ. ಅವನ ಧ್ವನಿ ಬದಲಾಗಿತ್ತು. "ಬರೂ ವಾರ ಘಟಿಕೋತ್ಸವ. ಪದವಿ ಕೈಗೆ ಬರ್ಲಿ, ಕೆಲಸದ ಆರ್ಡರ್ ಬರ್ಲಿ. ಆಮ್ಯಾಲೆ ನಾವ ಹೋಗಿ ಹೇಳೂಣು. ಹೇಳೂದು ಬ್ಯಾಡ ಅನ್ನಾಕತ್ತಿಲ್ಲಾ ನಾ."

"ಅಷ್ಟರಾಗ ಒಂದು ಅಡ್ಡಮಳಿ ಬಂದ್ರ?"

"ಒಂದು ಅಡ್ಡಮಳಿಗೆ ಏನಾಗತೈತಿ?"

"ನಂಗ ಗೊತ್ತಿಲ್ಲ. ಗೊತ್ತಿಲ್ಲ ಅಂತನ ಹೇಳಬೇಕು."

"ನಿನ್ನ ಕಾಲಿಂದಕ್ಕ ನನ್ನ ಬೆನ್ನ ಯಾಕ ಮುರೀತಿ? ನನ್ನ ತೊಲಿ ಸರಿ ಐತಿ. ಜೋಡಿ ಕೆಲಸದಾಗ ತಪ್ಪು ಸಿಕ್ಕರ ಇಬ್ಬರ ಪದವೀನೂ ನಿಲ್ಲಿಸ್ತಾರ. ಮನ್ಯಾಗ ನಮ್ಮಪ್ಪ ಪದವಿ ಊಟಕ್ಕ ಆಗ್ಲೇ ಒಂದು ಕುರಿ ತೆಗದಿಟ್ಟಾನ."

ಅವಳು ಲೆಕ್ಕದ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಅವನು ಸಲಿಕೆಯನ್ನು ಅಲ್ಲೇ ಎಸೆದು ಹೋದ.

ಮರುದಿನ ವಿಮಲಾಕ್ಷಿ ಇಟಗಿ ಮೇಡಂ ಅವರ ಕೋಣೆಗೆ ಹೋದದ್ದು ಬೆಳಿಗ್ಗೆ, ಟಾಕಿ ತುಂಬಿರುವ ಹೊತ್ತಿಗೆ. ಮಧ್ಯಾಹ್ನ ಹೋಗಿದ್ದರೆ ಸಲೀಸಾಗುತ್ತಿತ್ತಲ್ಲ ಎಂದು ನಾನು ಕೇಳಿದಾಗ ಅವಳು, "ಅದು ಬೇಡಾಕ ಹೋಗೂ ಹೊತ್ರಿ. ನಾ ಬೇಡಾಕ ಹೋಗಿರಲಿಲ್ಲ" ಎಂದಳು. ಆ ಹುಡುಗಿಯ ಬಗ್ಗೆ ನನ್ನ ಮನಸ್ಸಿನಲ್ಲಿ ಗೌರವ ಮೂಡಿದ್ದು ಆ ಮಾತಿಗೆ.

ಮೇಡಂ ತಲೆ ಎತ್ತಲಾಗದೆ ಕಣ್ಣನ್ನಷ್ಟೇ ಎತ್ತಿ ನೋಡಿದರು. "ಏನು?"

"ಮೇಡಂ, ನಿಮ್ಮ ಬಲಗಾಲು ಯಾವಾಗ ನೋಯತೈತ್ರಿ?"

"ಯಾವಾಗ ಡಾಕ್ಟರ್ ಆದಿ?"

"ಸಾಲಿ ಬಿಡೂ ಹೊತ್ತಿಗೆ ಅಲ್ರಿ?"

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಸಾಲಿ ಕೂಡೂ ಹೊತ್ತಿಗೂ," ಎಂದರು.

"ಅದು ನಿಮ್ಮ ಟಾಕಿ ಅಲ್ರಿ ಮೇಡಂ. ಅದು ನನ್ನ ಸೇತುವಿ."

ಅವಳು ಹಲಗೆಯ ಉದಾಹರಣೆಯಿಂದ ಹಿಡಿದು ಗುಂಡಿಯ ತನಕ ಎಲ್ಲ ಹೇಳಿದಳು. ಇಷ್ಟು ದಿನ ತನ್ನ ವಯಸ್ಸಿನ ಮೇಲೆ, ಟಾಕಿಯ ಮೇಲೆ ಹೊರಿಸಿದ್ದ ನೋವು ಬೇರೆಯವರ ಸೋಮಾರಿತನದ್ದು ಎಂದು ತಿಳಿದ ಮನುಷ್ಯ ಮೊದಲು ತನ್ನ ಕಾಲಿನ ಬಗ್ಗೆ ಕೇಳುತ್ತಾನೆ, ಇಲ್ಲವೇ ಬೈಯುತ್ತಾನೆ. ಮೇಡಂ ಕೇಳಿದ್ದು ಒಂದೇ ಮಾತು. "ಎರಿ ಎಷ್ಟು ಆಳಕ್ಕ ಐತಿ?"

"ನಮಗ ತಳಾ ಸಿಗಲಿಲ್ರಿ."

ಮೇಡಂ ಎದ್ದರು. ತುಂಬಿದ ಟಾಕಿಯ ಭಾರದ ಕೆಳಗೆ ಬೆಳಗಿನ ಹೊತ್ತು ಅವರು ಅಷ್ಟು ಬೇಗ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಪ್ರಾಂಶುಪಾಲರ ಕೋಣೆಗೆ ಹೋಗಿ, ನಗರಸಭೆಗೆ ಫೋನ್ ಮಾಡಿಸಿ, ಕಾಲುಸೇತುವೆಗೆ ಕಂಟಿ ಇಡಿಸಿದರು. ಆಮೇಲೆಯೇ ಕುಳಿತರು.

ಪ್ರಾಂಶುಪಾಲರು ಒಳ್ಳೆಯ ಮನುಷ್ಯ. ಯಾರಿಗೂ ನೋವಾಗಬಾರದೆಂಬ ಆಸೆ ಅವರಿಗೆ. ದುರಸ್ತಿಗೆ ಎಂದು ಬರೆದು ಮುಚ್ಚೋಣ, ರಜೆಯಲ್ಲಿ ಪಾಯ ಸರಿ ಮಾಡಿಸೋಣ, ಹುಡುಗಿ ಜಾಣೆ, ತಾನಾಗಿ ಬಂದು ಹೇಳಿದ್ದಾಳೆ, ಘಟಿಕೋತ್ಸವ ನಡೆದುಹೋಗಲಿ ಎಂದರು. ಅವರ ಕೋಣೆಯಲ್ಲಿ ಆಗ ಪತ್ರಿಕೆಯವನಾಗಿ ನಾನೂ ಇದ್ದೆ. ಕಂಟಿ ಇಟ್ಟ ಸುದ್ದಿ ತಿಳಿದು ಹೋಗಿದ್ದೆ.

"ಸರ್, ತಾನಾಗಿ ಬಂದು ಹೇಳ್ಯಾಳ ಅಂತನ ಅಕಿಗೆ ಈ ನಿಯಮಾ ಹಚ್ಚಬೇಕ್ರಿ," ಎಂದರು ಮೇಡಂ. "ಸಿಕ್ಕಿಬಿದ್ದವರಿಗೆ ಹಚ್ಚೂದು ಶಿಕ್ಷಾ ಆಗತೈತಿ. ಇಕಿಗೆ ಹಚ್ಚಿದ್ರ ಪಾಠ ಆಗತೈತಿ. ಕೆಲಸ ಸರಿ ಆಗೂ ತನಕ ಪದವಿ ಇಲ್ಲ. ಇನ್ನ ನನ್ನದೂ ಬರಕೋರ್ರಿ. ಗುಂಡಿ ತೋಡಿದ ನಿಜವಾದ ಅಂಕಿ ಹಾಕಿ ಪೂರಾ ಲೆಕ್ಕಾ ಹಲಗಿ ಮ್ಯಾಲೆ ಬಿಟ್ಟು ಬಂದಾಕಿ ನಾನು. ಯಾರರೆ ಎತಗೊಂಡು ಹೋಗೂ ಹಂಗ. ಇನ್ನ ಮ್ಯಾಲೆ ಮಣ್ಣಿನ ಅಂಕಿ ಇರೂ ಜಾಗಾ ಖಾಲಿ ಬಿಡ್ತೀನಿ, ಅವರವರ ಗುಂಡಿ ಅವರವರು ತೋಡ್ಲಿ. ಪರೀಕ್ಷಾದಾಗ ಯಾವ ಕಾಲಿಗೆ ಬಂತು ಅಂತನೂ ಕೇಳೂಣು."

ಪ್ರಾಂಶುಪಾಲರು ಮೈಲಾರಿಯನ್ನು ಕರೆಸಿದರು. ನಿನ್ನ ತೊಲೆ ಸರಿ ಇದೆ, ನಿನಗೆ ಮಾತ್ರ ವಿನಾಯಿತಿ ಕೊಡಬಹುದು ಎಂದು ಹೇಳಿದರು. ನಾನು ಅವನ ಮುಖ ನೋಡುತ್ತಿದ್ದೆ. ಅದು ಮೊದಲು ಅರಳಿತು. ಆಮೇಲೆ ಅವನು ಕಿಟಕಿಯ ಹೊರಗೆ ನೋಡಿದ. ವಿಮಲಾಕ್ಷಿಯ ಕಡೆ ತಿರುಗಲೇ ಇಲ್ಲ. ಅವನ ಸಿಟ್ಟು ಇಳಿದಿರಲಿಲ್ಲ.

"ಸಾಹೇಬ್ರ, ನಾ ಹೊತ್ತ ಸೇತುವಿಗೆ ಕಂಟಿ ಐತಿ," ಎಂದ. "ಅರ್ಧಾ ಸೇತುವಿ ತೋರಿಸಿ ಪೂರಾ ಪದವಿ ತಗೊಂಡು ನಾ ಏನ್ ಮಾಡ್ಲಿ? ಅಕಿ ಪಾಯಾ ಆಗ್ಲಿ." ಬಾಗಿಲು ದಾಟುವಾಗ ವಿಮಲಾಕ್ಷಿಗೆ ಕೇಳುವಂತೆ, "ಕುರಿ ಉಳೀತು, ಪುಣ್ಯಾ ನಿಂಗ" ಎಂದು ಸೇರಿಸಿದ.

ಊರು ಅವಳನ್ನು ಸುಮ್ಮನೆ ಬಿಡಲಿಲ್ಲ. ಹುಡುಗಿಯರು ಮತ್ತೆ ದೊಡ್ಡ ಸೇತುವೆ ಸುತ್ತಿ ಶಾಲೆಗೆ ಹೋಗಬೇಕಾಯಿತು. ಕಂಟಿಯ ಮುಂದೆ ನಿಂತ ನೇಕಾರರ ಓಣಿಯ ತಾಯಂದಿರ ಮಾತನ್ನು ಬರೆದುಕೊಳ್ಳಲು ನಾನು ಹೋದೆ. ಸೇತುವೆಯಲ್ಲಿ ಒಂದು ಕೂದಲೆಳೆಯಷ್ಟು ಬಿರುಕೂ ಕಾಣುತ್ತಿರಲಿಲ್ಲ. "ನಿಂತ ಸೇತುವಿ ನಿಂತಂಗ ಐತಿ. ಅಕಿ ಕಾಲಿಗೆ ಏನೋ ಬರಲಿಲ್ಲಂತ, ಅದಕ್ಕ ನಮ್ಮ ಮಕ್ಕಳ ಕಾಲು ಸವೀಬೇಕು!" ಎಂದಳು ಒಬ್ಬಾಕೆ. ಇನ್ನೊಬ್ಬಳು ಅಕ್ಕಸಾಲಿಗರ ಅಂಗಡಿಗೆ ಹೋಗಿ "ನಿಮ್ಮ ಮಗಳು ತೂಕ ಮಾಡಿದ್ದಂದ್ರ ನಮಗ ಬ್ಯಾಡಪ್ಪಾ" ಎಂದು ಬೆಂಡೋಲೆ ಬಿಟ್ಟು ಬಂದಳಂತೆ. ವಿಮಲಾಕ್ಷಿ ಶಾಲೆ ಕೂಡುವ ಮೊದಲು ದೊಡ್ಡ ಸೇತುವೆಯ ಬಳಿ ಹೋಗಿ, ಸಣ್ಣ ಹುಡುಗಿಯರನ್ನು ರಸ್ತೆ ದಾಟಿಸುತ್ತ ಬೈಗುಳವನ್ನೆಲ್ಲ ಅಲ್ಲೇ ನಿಂತು ಕೇಳಿಸಿಕೊಂಡಳು. ಗುಂಡಿಯಲ್ಲಿ ಏನು ಸಿಕ್ಕಿತು ಎಂದು ಕೇಳಿದವರಿಗೆ ಹೇಳಿದಳು. ಕೇಳಿದವರು ಕಡಿಮೆ. ಇಟಗಿ ಮೇಡಂ ಕುಂಟುವುದು ನಿಂತು, ಟಾಕಿಗೆ ಬೇರೆಯವರನ್ನು ಹುಡುಕುವ ಮಾತೂ ಅಲ್ಲಿಗೆ ನಿಂತಿತು.

ಇಬ್ಬರ ಹೆಸರಿಲ್ಲದೆ ಘಟಿಕೋತ್ಸವ ನಡೆಯಿತು. ನೀರಾವರಿ ಇಲಾಖೆ ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿತು.

ಮಳೆಗಾಲ ಬಂತು. ಜಡಿಮಳೆ ಬಿಟ್ಟ ಬೆಳಿಗ್ಗೆ ನಾನು ಕಾಲುವೆಗೆ ಹೋದಾಗ ಕಂಟಿಯ ಆಚೆ ಸೇತುವೆಯ ಮೂಡಣ ತುದಿ ಗೇಣುದ್ದ ಮೇಲೆದ್ದು ಒಂದು ಕಡೆಗೆ ವಾಲಿತ್ತು. ತೊಲೆ ಪಾಯದ ಅಂಚಿನಲ್ಲಿ ನಿಂತಿತ್ತು. ಅದರ ಕೆಳಗೆ ಕಾಲುವೆ ದಂಡೆ ತುಂಬಿ ಹರಿಯುತ್ತಿತ್ತು. ಓಣಿಯ ತಾಯಂದಿರು ಬಂದು ನಿಂತು ನೋಡಿದರು. ಆ ಸುದ್ದಿಯನ್ನು ನಾನು ನಾಲ್ಕೇ ಸಾಲಿನಲ್ಲಿ ಬರೆದೆ. ಸಂಪಾದಕರು ಇನ್ನಷ್ಟು ಬರೆಯಲು ಹೇಳಿದರು. ನಡೆಯದೇ ಹೋದ ಅಪಘಾತದ ಬಗ್ಗೆ ನನ್ನ ಹತ್ತಿರ ಹೆಚ್ಚಿನ ವಿವರ ಇರಲಿಲ್ಲ.

ಮಳೆ ನಿಂತು ನೆಲ ಆರಿದ ಮೇಲೆ ವಿಮಲಾಕ್ಷಿ ಮತ್ತೆ ಗುಂಡಿ ತೋಡಿದಳು. ಈ ಸಲ ಎರೆ ಮುಗಿದು ಗಟ್ಟಿ ಗರಸು ಸಿಗುವ ತನಕ. ಮೈಲಾರಿ ಒಂದು ದಿನ ಬಂದು ಗುಂಡಿಯ ಅಂಚಿನಲ್ಲಿ ನಿಂತು, "ಪಾತಾಳಕ್ಕ ಹೊಂಟೀಯೇನು?" ಎಂದ. ಆಮೇಲೆ ಅಂಗಿ ಕಳಚಿಟ್ಟು ಕೆಳಗಿಳಿದ. ಅವಳು ಪಾಯದ ಲೆಕ್ಕ ಹಾಕುವಾಗ ಮಾತ್ರ ಅವನು ದೂರ ಹೋಗಿ ಕೂರುತ್ತಿದ್ದ. ಒಂದು ಅಂಕಿಯೂ ತನ್ನ ಬಾಯಿಂದ ಅವಳ ಕಿವಿಗೆ ಬೀಳಬಾರದೆಂದು. ನಗರಸಭೆಯವರು ಹೊಸ ಪಾಯ ಕಟ್ಟಿ, ಹಳೆಯ ತೊಲೆಯನ್ನು ಅದರ ಮೇಲೆ ಕೂರಿಸಿದರು.

ಈ ಬಾರಿಯ ಪರೀಕ್ಷೆ ಸಭಾಂಗಣದಲ್ಲಿ ನಡೆಯಲಿಲ್ಲ. ಇಟಗಿ ಮೇಡಂ ಪರೀಕ್ಷಕರನ್ನು ಕಾಲುವೆಗೇ ಕರೆತಂದು, ಇಬ್ಬರನ್ನೂ ಸೇತುವೆಗೆ ಬೆನ್ನು ಮಾಡಿ ನಿಲ್ಲಿಸಿದರು. ಮೊದಲು ಮರಳಿನ ಚೀಲ, ಅದು ತಾಳಿದ ಮೇಲೆ ಮನುಷ್ಯರು. ಚೀಲ ಹೇರುವಾಗ ವಿಮಲಾಕ್ಷಿ "ಎಡಗಾಲು, ಬಲಗಾಲು" ಎಂದು ತಪ್ಪಿಲ್ಲದೆ ಹೇಳಿದಳು. ಆದರೆ ಅವಳ ಮುಖದಲ್ಲಿ ಗೆಲುವಿರಲಿಲ್ಲ. ಚೀಲದಂಥ ಸತ್ತ ಭಾರ ನಿಂತಲ್ಲಿ ನಿಲ್ಲುತ್ತದೆ. ಅವಳು ಕಾಯುತ್ತಿದ್ದದ್ದು ಶಾಲೆಯ ಹುಡುಗಿಯರಿಗೆ.

ಓಣಿಯ ಕಡೆಯಿಂದ ಹುಡುಗಿಯರು ಬಂದರು. ದಂಡೆಯ ಮೇಲೆ ಸೇತುವೆ ಹೊತ್ತವಳು ನಿಂತಿರುವುದನ್ನು ಕಂಡು, ಈ ಊರಿನಲ್ಲಿ ಬೆಳೆದ ಮಕ್ಕಳು ಮಾಡುವಂತೆ, ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಿನಲ್ಲಿ, ಒಬ್ಬರ ಹಿಂದೆ ಒಬ್ಬರು ಸದ್ದಿಲ್ಲದೆ ಸೇತುವೆ ಹತ್ತತೊಡಗಿದರು. ಮುಂದಿದ್ದವಳು "ಅಕ್ಕಾ, ಭಾರಾ ಆಗ್ಲಿಲ್ಲಲ್ಲಾ?" ಎಂದು ಮೆಲ್ಲಗೆ ಕೇಳಿದಳು.

"ಹಿಂಗ್ಯಾಕ ನಡೀತೀರಿ?" ಎಂದು ವಿಮಲಾಕ್ಷಿ ಬೆನ್ನು ತಿರುಗಿಸಿಕೊಂಡೇ ಕೂಗಿದಳು. "ಚಪ್ಪಲಿ ಹಾಕ್ಕೋರ್ರಿ. ದಿನಾ ಹೆಂಗ ಓಡ್ತೀರಿ ಹಂಗ ಓಡ್ರಿ. ನಾ ಲೆಕ್ಕಾ ಹಾಕಿದ್ದು ಓಡೂ ಹುಡುಗೂರಿಗೆ!"

ಅವರು ಇಟಗಿ ಮೇಡಂ ಮುಖ ನೋಡಿದರು. ಮೇಡಂ ತಲೆಯಾಡಿಸಿದರು. ಯಾರೋ ಒಬ್ಬಳು ಕಿರುಚಿದಳು. ಆಮೇಲೆ ಎಲ್ಲರೂ ಒಟ್ಟಿಗೇ ಓಡಿದರು, ಪಾಟಿಚೀಲ ಬಡಿಯುತ್ತ, ಜಡೆ ಹಾರುತ್ತ, ಹಲಗೆಗಳೆಲ್ಲ ದಡದಡ ಸದ್ದು ಮಾಡುತ್ತ. ಮೈಲಾರಿ "ಅವ್ವಾ" ಎಂದು ಬೆನ್ನು ಬಾಗಿಸಿ ಮೊಣಕಾಲಿಗೆ ಕೈ ಕೊಟ್ಟ. ವಿಮಲಾಕ್ಷಿಯ ಎಡಗಾಲು ಬಾಗಿತು. ಅವಳು ಅವನ ಹೆಗಲು ಹಿಡಿದು ಒಂದು ಕ್ಷಣ ಹಾಗೇ ನಿಂತಳು, ಕಿವಿಗೊಟ್ಟವಳ ಹಾಗೆ. ಗದ್ದಲ ಸೇತುವೆಯ ನಡುವನ್ನು ದಾಟಿ ಮೂಡಣಕ್ಕೆ ಹೋಯಿತು. ಆಗ ಅವಳ ಬಲಗಾಲು ಒಮ್ಮೆಲೇ ಮಡಚಿಕೊಂಡಿತು. ಅವಳು ಹುಲ್ಲಿನ ಮೇಲೆ ಕುಸಿದು ಕುಳಿತುಬಿಟ್ಟಳು.

"ಬಂತೇ?" ಎಂದರು ಪರೀಕ್ಷಕರು.

"ಬಂತ್ರಿ."

"ಯಾವ ಕಾಲಿಗೆ?" ಎಂದರು ಇಟಗಿ ಮೇಡಂ.

ಅವಳು ಎರಡೂ ಕೈಯಿಂದ ಬಲಪಾದವನ್ನು ಹಿಡಿದುಕೊಂಡಿದ್ದಳು. ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು. ಉತ್ತರ ಎಲ್ಲರಿಗೂ ಕಾಣುತ್ತಿತ್ತು. ಆದರೂ ಮೇಡಂ ಅವಳು ಹೇಳುವ ತನಕ ಕಾದರು.

"ಬಲಗಾಲಿಗ್ರಿ ಮೇಡಂ," ಎಂದಳು ವಿಮಲಾಕ್ಷಿ. ಆಮೇಲೆ ಆಚೆ ದಂಡೆಯಲ್ಲಿ ನಿಂತು ತನ್ನನ್ನೇ ನೋಡುತ್ತಿದ್ದ ಹುಡುಗಿಯರ ಕಡೆ ಕೈ ಬೀಸಿ, "ನಿಂತ್ರ್ಯಾಕ? ನಡೀರಿ ಸಾಲಿಗೆ!" ಎಂದು ಕೂಗಿದಳು.